ಅಂಗಳದ ಗರಿಕೆ, ಬೇಣದ ಕರಡ: ಸಾಕಿದ ಮೊಲಕ್ಕೆ ಹಸಿರು ಮೇವು ತರುವುದು ಹೇಗೆ

ಮಗಳ ಹಟಕ್ಕೆ ನಮ್ಮ ಮನೆಗೆ ಎರಡು ಮೊಲದ ಮರಿ ಬಂದವು. ಜೊತೆಗೆ ಒಂದು ಪೊಟ್ಟಣ ಪೆಲೆಟ್ಟೂ, ಅಂದರೆ ಗುಳಿಗೆಯ ಹಾಗೆ ಒತ್ತಿ ಮಾಡಿದ ಒಣ ಮೇವೂ ಬಂತು. ಅದು ತಿಂಗಳೊಳಗೆ ಖಾಲಿ. ಮತ್ತೆ ಬೇಕು ಅಂದರೆ ಹುಬ್ಬಳ್ಳಿ ಕಡೆ ಹೋಗುವವರನ್ನು ಕಾಯಬೇಕು. ಶಿರಸಿ ಹತ್ತಿರದ ತೋಟದ ಮನೆ ನಮ್ಮದು, ಬಾಗಿಲು ತೆಗೆದರೆ ಹಸಿರು. ಇಷ್ಟು ಹುಲ್ಲು ಇಟ್ಟುಕೊಂಡು ಚೀಲದ ಆಹಾರ ಕಾಯುತ್ತ ಕೂರುವುದೇಕೆ ಅಂತ ಕತ್ತಿ ಹಿಡಿದು ಹೊರಟೆ. ಯಾವುದನ್ನು ಕೊಯ್ಯಲಿ ಅಂತ ಯೋಚಿಸುತ್ತ ನಿಂತಿದ್ದು ನೋಡಿ ಆಯಿ ಜಗಲಿಯಿಂದಲೇ ಹೇಳಿದಳು: "ಹುಲ್ಲು ತಪ್ಪಲೆ (ತರಲು) ಇಷ್ಟೆಲ್ಲ ಯೋಚ್ನೆ ಎಂತಕ್ಕೆ? ದನ ತಿಂತಿಲ್ಯ?"

ದನ ತಿನ್ನುತ್ತದೆ, ನಿಜ. ಆಡು ಇನ್ನೂ ಜಾಸ್ತಿ ತಿನ್ನುತ್ತದೆ. ನಾವೂ ಅಂಗಳದ ಅರ್ಧ ಸೊಪ್ಪನ್ನು ತಂಬುಳಿ ಮಾಡಿ ಉಣ್ಣುತ್ತೇವೆ. ಆದರೆ ಮೊಲದ ವಿಷಯದಲ್ಲಿ ಈ ಮೂವರ ಸಾಕ್ಷಿಯೂ ನಡೆಯುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಒಂದು ಮೊಲ ಹುಷಾರು ತಪ್ಪಿದ ಮೇಲೆ. ಗೊತ್ತಾದ ಇನ್ನೊಂದು ಸಂಗತಿ ಏನೆಂದರೆ, ಗಿಡ ಗುರುತಿಸುವುದು ಅರ್ಧ ಕೆಲಸ ಅಷ್ಟೆ. ಎಲ್ಲಿಂದ ಕೊಯ್ದೆ, ಹೇಗೆ ಹೊತ್ತು ತಂದೆ, ಎಷ್ಟು ಅವಸರದಲ್ಲಿ ತಿನ್ನಿಸಿದೆ ಅನ್ನುವುದು ಉಳಿದರ್ಧ. ವಿಷದ ಗಿಡಕ್ಕಿಂತ ಒಳ್ಳೆಯ ಗಿಡವನ್ನು ಕೆಟ್ಟದಾಗಿ ಕೊಟ್ಟು ಮೊಲ ಕಳೆದುಕೊಂಡವರೇ ನಮ್ಮ ಕಡೆ ಹೆಚ್ಚು ಸಿಗುತ್ತಾರೆ.

ಶುರು ಮಾಡುವ ಮುಂಚೆ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಸಾಕು ಮೊಲದ ಬಗ್ಗೆ. ಅದು ಯುರೋಪಿನ ಮೂಲದ್ದು. ಬೇಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಗುಡ್ಡದಲ್ಲಿ, ಓಡಾಡುವ ಕಂದು ಬಣ್ಣದ ಕಾಡುಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಹುಲ್ಲು ಕೊಯ್ಯುವಾಗ ಮರಿ ಸಿಕ್ಕರೆ ಮುಟ್ಟದೆ ಅಲ್ಲೇ ಬಿಡಿ. ತಾಯಿ ಸಂಜೆ ಬಂದೇ ಬರುತ್ತದೆ.

ಮೊದಲು ಹೊಟ್ಟೆಯ ಕಥೆ

ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ತಿಂದದ್ದನ್ನು ಮೊದಲು ಕೊಳೆಸಿ, ಮತ್ತೆ ಬಾಯಿಗೆ ತಂದು, ಮೆಲುಕು ಹಾಕಿ, ಆಮೇಲೆ ಜೀರ್ಣ ಮಾಡುತ್ತದೆ. ಎಷ್ಟೋ ವಿಷ ಆ ಮೊದಲ ಕೋಣೆಯಲ್ಲೇ ಮುರಿದುಹೋಗುತ್ತದೆ. ಮೊಲದ ವ್ಯವಸ್ಥೆ ತಿರುಗುಮುರುಗು. ಅದರ ಕೊಳೆಸುವ ಚೀಲ ಇರುವುದು ಸಣ್ಣ ಕರುಳು ಮುಗಿದ ಮೇಲೆ, ಹಿಂಭಾಗದಲ್ಲಿ. ಅಂದರೆ ವಿಷ ಮೊದಲು ರಕ್ತಕ್ಕೆ ಸೇರುತ್ತದೆ, ಆಮೇಲೆ ಚೀಲಕ್ಕೆ. ಜೊತೆಗೆ ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಇನ್ನೊಂದು ತುದಿಯಿಂದಲೇ ಹೊರಗೆ ಬರಬೇಕು.

ಆ ಹಿಂದಿನ ಚೀಲದಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ದಿನಾ ಬರುವ ಆಹಾರಕ್ಕೆ ಅವು ಒಗ್ಗಿಕೊಂಡಿರುತ್ತವೆ. ಇದ್ದಕ್ಕಿದ್ದಂತೆ ಹೊಸದು ಬಂದರೆ, ಅಥವಾ ಹಿಟ್ಟು, ಸಕ್ಕರೆ ಜಾಸ್ತಿಯಾದರೆ, ಕೆಟ್ಟ ಜೀವಿಗಳು ಮೇಲುಗೈ ಪಡೆದು ಗ್ಯಾಸ್ ತುಂಬುತ್ತದೆ. ಕರುಳು ನಿಂತೇ ಹೋಗಬಹುದು. ಆ ಕರುಳು ಓಡುತ್ತಿರಬೇಕು ಅಂದರೆ ಉದ್ದನೆಯ ನಾರು ಬೇಕು, ಅದು ಹುಲ್ಲಿನಲ್ಲಿದೆ. ಹಲ್ಲಿಗೂ ಅದೇ ಬೇಕು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಮುಂದಿನ ಹಲ್ಲಂತೂ ವಾರಕ್ಕೆ 2ರಿಂದ 3 ಮಿ.ಮೀ. ಹುಲ್ಲು ಅರೆದರೆ ಮಾತ್ರ ಸವೆಯುತ್ತದೆ.

ಬೆಳಗಿನ ಜಾವ ಮೊಲ ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಏನೋ ತಿನ್ನುವುದನ್ನು ನೋಡಿ ಹೇಸಬೇಡಿ. ಅದು ದ್ರಾಕ್ಷಿ ಗೊಂಚಲಿನ ಹಾಗಿರುವ ಮೆತ್ತನೆಯ ಹಿಕ್ಕೆ. ಜೀವಸತ್ವ ಇರುವುದೇ ಅದರಲ್ಲಿ, ಅದಕ್ಕೇ ಎರಡನೇ ಸಲ ತಿನ್ನುತ್ತದೆ. ದನ ಬಾಯಿಗೆ ತಂದು ಮೆಲುಕು ಹಾಕುತ್ತದೆ, ಮೊಲ ಹೀಗೆ ಹಾಕುತ್ತದೆ, ಅಷ್ಟೆ. ಆ ಮೆತ್ತನೆಯ ಹಿಕ್ಕೆ ತಿನ್ನದೆ ಗೂಡಿನಲ್ಲೇ ಬಿದ್ದಿದ್ದರೆ ಸೊಪ್ಪೋ ಪೆಲೆಟ್ಟೋ ಜಾಸ್ತಿಯಾಗಿ ಹುಲ್ಲು ಕಡಿಮೆಯಾಗಿದೆ ಅಂತ ಅರ್ಥ.

ಐದೇ ಗಿಡದಿಂದ ಶುರು ಮಾಡಿ

ಮೊದಲ ವರ್ಷವೇ ಐವತ್ತು ಗಿಡ ಕಲಿಯಲು ಹೋಗಬೇಡಿ. ಐದು ಸಾಕು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುವಷ್ಟು ಆ ಐದನ್ನು ಕಲಿಯಿರಿ.

ಗರಿಕೆ ಮೊದಲನೆಯದು. ಇದರಲ್ಲಿ ಗೊಂದಲವೇ ಇಲ್ಲ, ಚೌತಿಗೆ ಗಣಪತಿಗೆ ಏರಿಸುವ ಅದೇ ಗರಿಕೆ. ಬುಡದಿಂದ ಕೊಯ್ದು ಉದ್ದಕ್ಕೇ ಕೊಡಿ, ಕೊಚ್ಚಬೇಡಿ. ಕೊಚ್ಚಿದರೆ ಹಲ್ಲಿಗೆ ಕೆಲಸ ಕಡಿಮೆ. ಗರಿಕೆ ಜೊತೆ ಬರುವ ಬೇರೆ ಮೆದು ಹುಲ್ಲುಗಳೂ ಆಗುತ್ತವೆ. ಬಟ್ಟೆಗೆ ಅಂಟಿ ಚುಚ್ಚುವ ಊಬಿನ ಹುಲ್ಲು ಮಾತ್ರ ಬೀಜ ಕಟ್ಟಿದ ಮೇಲೆ ಬೇಡ, ಅದು ಒಸಡಿಗೂ ನಾಲಿಗೆಗೂ ಚುಚ್ಚಿಕೊಳ್ಳುತ್ತದೆ. ದನಕ್ಕೆ ಅಂತ ನೇಪಿಯರ್ ಬೆಳೆಸಿದ್ದರೆ ಅದರ ಎಲೆ ಕೊಡಬಹುದು.

ಎರಡನೆಯದು ಕನ್ನೆ ಸೊಪ್ಪು. ಮಳೆಗಾಲದಲ್ಲಿ ಗದ್ದೆ ಅಂಚಿನಲ್ಲಿ, ಬಾಳೆ ಬುಡದಲ್ಲಿ ನೆಲಕ್ಕೆ ಹರಡಿಕೊಂಡಿರುತ್ತದೆ. ಬೆಳಿಗ್ಗೆ ಪುಟ್ಟ ನೀಲಿ ಹೂ ಬಿಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಎಲೆಯ ಬುಡ ದಂಟನ್ನು ಕೊಳವೆಯ ಹಾಗೆ ಸುತ್ತಿಕೊಂಡಿರುತ್ತದೆ. ಆ ಕೊಳವೆಯ ಬಾಯಿಯಲ್ಲಿ ಕೆಂಪು ಕೂದಲು ಕಂಡರೆ ಅನುಮಾನವೇ ಬೇಡ. ಮೊಲಗಳಿಗೆ ಇದರ ಹುಚ್ಚು. ಆದರೆ ಮುಕ್ಕಾಲಿಗಿಂತ ಹೆಚ್ಚು ನೀರೇ, ಅದಕ್ಕೆ ಗರಿಕೆ ಜೊತೆ ಕೊಡಿ. ಒಂದನ್ನೇ ಬುಟ್ಟಿಗಟ್ಟಲೆ ಹಾಕಿದರೆ ಹಿಕ್ಕೆ ಮೆತ್ತಗಾಗುತ್ತದೆ.

ಮೂರನೆಯದು ಜಯಂತಿ. ಕೆಲವರು ಟ್ರೈಡಾಕ್ಸ್ ಅಂತಲೇ ಹೇಳುತ್ತಾರೆ. ಕತ್ತಿ ತಾಗಿ ರಕ್ತ ಬಂದಾಗ ಎಲೆ ಹಿಸುಕಿ ರಸ ಹಿಂಡುತ್ತೇವಲ್ಲ, ಅದೇ. ಗೇಣುದ್ದದ ಬರಿಯ ಕಡ್ಡಿಯ ತುದಿಗೆ ಒಂದೇ ಹೂ. ನಡುವೆ ಹಳದಿ, ಸುತ್ತ ಮಾಸಿದ ಬಿಳಿ ಎಸಳು, ಎಸಳಿನ ತುದಿ ಮೂರಾಗಿ ಸೀಳಿರುತ್ತದೆ. ಎಲೆ ಒರಟು. ಆಫ್ರಿಕಾದಲ್ಲಿ, ಅದರಲ್ಲೂ ನೈಜೀರಿಯಾದಲ್ಲಿ, ಮೊಲ ಸಾಕುವವರಿಗೆ ಇದೇ ಮುಖ್ಯ ಸೊಪ್ಪು. ಇದರ ಪಕ್ಕದಲ್ಲೇ ಬೆಳೆಯುವ ನಾಯಿತುಳಸಿಯ ಹೂ ತಿಳಿ ನೇರಳೆ, ಉಣ್ಣೆಯ ಗುಂಡಿನ ಹಾಗೆ. ಎಲೆ ಹಿಸುಕಿದರೆ ಗಾಟು. ಅದು ಯಕೃತ್ತಿಗೆ ಕೆಟ್ಟದ್ದು. ಅದನ್ನು ಮೊಲಕ್ಕೆ ಹಾಕುವವರೂ ಇದ್ದಾರೆ, ನಾನು ಹಾಕುವುದಿಲ್ಲ.

ನಾಲ್ಕು, ದಾಸವಾಳ. ಎಲೆಯೂ ಆಯಿತು, ಹೂವೂ ಆಯಿತು. ಬೇಲಿಯಲ್ಲಿ ವರ್ಷವಿಡೀ ಇರುತ್ತದೆ, ಬೇಸಿಗೆಯಲ್ಲಿ ಬೇರೆಲ್ಲ ಒಣಗಿದಾಗ ಕೈಹಿಡಿಯುವುದು ಇದೇ. ದೇವರಿಗೆ ಕೊಯ್ದು ಉಳಿದ ಹೂವಿಗೆ ನಮ್ಮಲ್ಲಿ ಈಗ ಇಬ್ಬರು ಗಿರಾಕಿಗಳು.

ಐದು, ಸಿಹಿಗೆಣಸಿನ ಬಳ್ಳಿ. ಎಲೆ, ಬಳ್ಳಿ ಎರಡೂ ಕೊಡಬಹುದು. ಗೆಣಸು ಮಾತ್ರ ಬೇಡ, ಅದು ಬರೀ ಹಿಟ್ಟು. ಕಾರವಾರ, ಅಂಕೋಲಾ ಕಡೆಯವರು ಇಲ್ಲೊಂದು ವಿಷಯ ಗಮನಿಸಬೇಕು. ಕಡಲ ದಂಡೆಯ ಮರಳಿನ ಮೇಲೆ ನೇರಳೆ ಹೂ ಬಿಟ್ಟು ಹಬ್ಬುವ ಅಡಂಬು ಬಳ್ಳಿ ಗೆಣಸಿನ ಸಂಬಂಧಿಯೇ. ಹೂ ನೋಡಿದರೆ ಮೋಸ ಹೋಗುತ್ತೀರಿ. ಎಲೆ ನೋಡಿ: ದಪ್ಪಗೆ, ತುದಿ ಸೀಳಿ ಆಡಿನ ಗೊರಸಿನ ಹಾಗಿರುತ್ತದೆ. ಅದು ಬೇಡ.

ಈ ಐದು ರೂಢಿಯಾದ ಮೇಲೆ ಬಾಳೆ ಎಲೆ, ಬಿದಿರಿನ ಬಲಿತ ಎಲೆ, ಹಲಸಿನ ಎಲೆ, ಒಂದೆಲಗ, ಅಲಸಂದೆ ಎಲೆ ಸೇರಿಸಿಕೊಳ್ಳಬಹುದು. ಬಿದಿರಿನ ಎಲೆ ಕೊಡುವವರು ಕಳಲೆ ಕೊಡಬಾರದು. ಹಸಿ ಕಳಲೆಯಲ್ಲಿ ಸಯನೈಡ್ ಆಗುವ ಅಂಶ ಇದೆ, ನಾವೂ ನೀರಿನಲ್ಲಿ ನೆನೆಸಿ, ನೀರು ಬದಲಿಸಿಯೇ ತಾನೇ ತಿನ್ನುವುದು. ಮರಗೆಣಸಿನ ಎಲೆಯದ್ದೂ ಇದೇ ಹಣೆಬರಹ.

ಪೇಟೆಯಲ್ಲಿ ಮನೆ, ಅಂಗಳ ಇಲ್ಲ ಅನ್ನುವವರಿಗೆ ಕಾರವಾರ, ಅಂಕೋಲಾ ಸಂತೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ತರುವ ಸೊಪ್ಪಿನ ಬುಟ್ಟಿ ಇದೆ. ಮೂಲಂಗಿ ಕೊಳ್ಳುವಾಗ ಸೊಪ್ಪು ಕಿತ್ತು ಬಿಸಾಡಿಸಬೇಡಿ, ಅದನ್ನೇ ಕೇಳಿ ತನ್ನಿ. ಮೊಲಕ್ಕೆ ಮೂಲಂಗಿಗಿಂತ ಅದರ ಸೊಪ್ಪೇ ಮೇಲು.

ಹಿಡಿ ಲೆಕ್ಕದವು

ಹರಿವೆ, ಬಸಳೆ, ಪಾಲಕ್, ಗೋಣಿ ಸೊಪ್ಪು. ನಾವು ದಿನಾ ತಿನ್ನುವ ಇವೆಲ್ಲದರಲ್ಲಿ ಆಕ್ಸಲೇಟ್ ಅನ್ನುವ, ಮೂತ್ರದಲ್ಲಿ ಹರಳು ಕಟ್ಟಿಸುವ ಅಂಶ ಜಾಸ್ತಿ. ವಾರಕ್ಕೆ ಒಂದೆರಡು ಸಲ, ನಾಲ್ಕೈದು ಎಲೆ ಸಾಕು. ನುಗ್ಗೆಯಲ್ಲಿ ಸುಣ್ಣದಂಶ ಹೆಚ್ಚು. ಮೊಲದ ಮೈ ಬೇಕಿದ್ದಷ್ಟೇ ಸುಣ್ಣ ಹೀರಿಕೊಳ್ಳುವುದಿಲ್ಲ, ಸಿಕ್ಕಿದ್ದೆಲ್ಲ ಹೀರಿ ಉಳಿದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಅದಕ್ಕೇ ಮೊಲದ ಮೂತ್ರ ಸ್ವಲ್ಪ ಕದಡಿರುವುದು ಸಹಜ. ಸುಣ್ಣದ ನೀರಿನ ಹಾಗೆ ಗಟ್ಟಿಯಾಗಿ, ಒಣಗಿದ ಮೇಲೆ ಮರಳಿನಂತೆ ಉಳಿದರೆ ನುಗ್ಗೆ ನಿಲ್ಲಿಸಿ, ನೀರು ಹೆಚ್ಚು ಕುಡಿಸಿ, ಡಾಕ್ಟರಿಗೆ ತೋರಿಸಿ.

ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣದ ಎಲೆಯನ್ನು ಕೇರಳದಲ್ಲಿ ಮೊಲಕ್ಕೆ ಹಾಕುವ ರೂಢಿ ಇದೆ. ನಾನೂ ಒಮ್ಮೊಮ್ಮೆ ಒಂದೆರಡು ಎಲೆ ಕೊಡುತ್ತೇನೆ. ಅದರ ಬೀಜ ವಿಷ, ಅದು ಗೂಡಿನ ಹತ್ತಿರವೂ ಬೇಡ. ಸುಬಾಬುಲ್, ಮುಟ್ಟಿದರೆ ಮುನಿ ಎರಡರಲ್ಲೂ ಮಿಮೋಸಿನ್ ಅನ್ನುವ ಅಂಶ ಇದೆ, ಜಾಸ್ತಿ ತಿಂದರೆ ಕೂದಲು ಉದುರುತ್ತದೆ.

ಬೇಡವೇ ಬೇಡ

ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ.

ಗೌರಿ ಹೂವಿನ ಬಳ್ಳಿ. ಕೆಲವರು ಅಗ್ನಿಶಿಖೆ ಅನ್ನುತ್ತಾರೆ. ಚೌತಿ ಹೊತ್ತಿಗೆ ಬೇಲಿ ಮೇಲೆ ಕೆಂಪು-ಹಳದಿ ಬೆಂಕಿಯ ಹಾಗೆ ಅರಳುವಾಗ ಯಾರಿಗೂ ತಪ್ಪುವುದಿಲ್ಲ. ತಪ್ಪುವುದು ಹೂ ಬಿಡುವ ಮೊದಲು, ಆರಿದ್ರಾ ಮಳೆಯ ದಿನಗಳಲ್ಲಿ. ಆಗ ಅದು ಹುಲ್ಲಿನ ನಡುವೆ ಹಸಿರು ಚಿಗುರಾಗಿ ನಿಂತಿರುತ್ತದೆ, ಒಂದು ಹಿಡಿ ಹುಲ್ಲಿನ ಜೊತೆ ಬಂದೇಬಿಡುತ್ತದೆ. ಎಲೆಯ ತುದಿ ನೋಡಿ. ದಾರದಷ್ಟು ಸಣ್ಣಗಾಗಿ ಸುರುಳಿ ಸುತ್ತಿಕೊಂಡಿದ್ದರೆ ಅದೇ. ಗೆಡ್ಡೆಯಿಂದ ಹೂವಿನವರೆಗೆ ಎಲ್ಲ ಕಡೆ ಕೊಲ್ಚಿಸಿನ್ ಇದೆ. ಮನುಷ್ಯರನ್ನೇ ಕೊಲ್ಲುವ ವಿಷ ಅದು.

ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿವೆ. ಹುಳಿ ಹಾಕಿ ಬೇಯಿಸಿ ನಾವು ಪತ್ರೊಡೆ ಮಾಡುತ್ತೇವೆ. ಮೊಲಕ್ಕೆ ಬೇಯಿಸಿ ಹಾಕುವವರಿಲ್ಲ. ಚಗಟೆ ಸೊಪ್ಪನ್ನು ಮಳೆಗಾಲದ ಶುರುವಿನಲ್ಲಿ ಪಲ್ಯ ಮಾಡುತ್ತೇವೆ, ಆದರೆ ಅದು ಭೇದಿಯ ಗುಣದ ಗಿಡ, ಹಸಿಯಾಗಿ ಮೊಲದ ಕರುಳಿಗೆ ಆಗದು. ಗಣಿಕೆ ಸೊಪ್ಪೂ ಬೇಡ.

ತೋಟಕ್ಕೆ ಹಸಿರು ಗೊಬ್ಬರ ಅಂತ ಕಡಿಯುವ ಗ್ಲಿರಿಸಿಡಿಯಾ, ಅಂದರೆ ನಮ್ಮ ಗೊಬ್ಬರದ ಗಿಡ, ದನ ತಿನ್ನುತ್ತದೆ. ಆಯಿಯ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ. ಆ ಗಿಡದ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ದನ ಅರಗಿಸಿಕೊಳ್ಳುತ್ತದೆ, ಇಲಿ ಸಾಯುತ್ತದೆ. ಮೊಲ ಇಲಿಯ ಪಕ್ಷ.

ಲಂಟಾನ, ಕಮ್ಯುನಿಸ್ಟ್ ಗಿಡ, ಕಾಂಗ್ರೆಸ್ ಗಿಡ, ಎಕ್ಕ, ದತ್ತೂರ, ಕಣಗಿಲೆ, ಔಡಲ, ಎಲ್ಲ ಬಗೆಯ ಜರಿಗಿಡ, ಕಾಯಿ ಒಣಗಿದಾಗ ಗಿಲಕಿಯಂತೆ ಸದ್ದು ಮಾಡುವ ಗಿಜಿಗಿಜಿ ಗಿಡ: ಇವುಗಳ ಬಗ್ಗೆ ಚರ್ಚೆ ಬೇಡ. ದಂಟು ಮುರಿದಾಗ ಬಿಳಿ ಹಾಲು ಬರುವ ಕಳೆ ಗಿಡಗಳನ್ನೂ ಹೊಸಬರು ಬಿಟ್ಟುಬಿಡುವುದು ಒಳ್ಳೆಯದು. ಹಲಸಿನ ಎಲೆ, ಸಿಹಿಗೆಣಸಿನ ಬಳ್ಳಿ ಈ ಮಾತಿಗೆ ಹೊರತು.

ಇನ್ನೊಂದು ತಮಾಷೆ. ಇಲಿಕಿವಿ ಗಿಡ ಅಂತ ನೇರಳೆ ಕುಚ್ಚಿನ ಹೂವಿನ ಸಣ್ಣ ಕಳೆ ಇದೆ. ಮಲಯಾಳದಲ್ಲಿ ಅದರ ಹೆಸರು ಮುಯಲ್‌ಚೆವಿಯನ್, ಅಂದರೆ ಮೊಲದ ಕಿವಿಯದ್ದು. ಹೆಸರು ಕೇಳಿ ಮೊಲಕ್ಕೆ ಹಾಕಬೇಡಿ. ಎಲೆ ಕಿವಿಯ ಹಾಗಿದೆ ಅಂತ ಆ ಹೆಸರು. ಒಳಗಿರುವುದು ಯಕೃತ್ತು ಹಾಳು ಮಾಡುವ ಅಂಶ.

ಎಲ್ಲಿಂದ ಕೊಯ್ಯಬೇಕು

ನನ್ನ ಮೊಲ ಹುಷಾರು ತಪ್ಪಿದ್ದು ಇಲ್ಲಿಯೇ.

ಆಶ್ಲೇಷ ಮಳೆ ಎರಡು ದಿನ ಬಿಡುವು ಕೊಟ್ಟು ಹೊಳವಾಗಿತ್ತು. ಹೊಳವು ಸಿಕ್ಕರೆ ತೋಟದವರು ಸುಮ್ನೆ ಕೂರುತ್ತಾರಾ? ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲದ ಬೋರ್ಡೋ ಮದ್ದು ಹೊಡೆಸಿದ್ದೆವು. ಮರುದಿನ ಬೆಳಿಗ್ಗೆ ಅಡಿಕೆ ಮರದ ಬುಡದಲ್ಲಿ ಕನ್ನೆ ಸೊಪ್ಪು ಮೊಣಕಾಲುದ್ದ ನಿಂತಿತ್ತು. ಖುಷಿಯಿಂದ ಒಂದು ಹೊರೆ ಕೊಯ್ದೆ. ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಜಗಲಿಯಲ್ಲಿಟ್ಟು ಬೇರೆ ಕೆಲಸಕ್ಕೆ ಹೋದೆ. ಎರಡು ತಾಸು ಬಿಟ್ಟು ಗೂಡಿಗೆ ಹಾಕಿದೆ. ಸಂಜೆ ಒಂದು ಮೊಲ ಮೂಲೆಯಲ್ಲಿ ಉಂಡೆಯಾಗಿ ಕೂತಿತ್ತು. ಕಿವಿ ತಣ್ಣಗೆ. ಹಲ್ಲು ಕಟಕಟ ಕಡಿಯುತ್ತಿತ್ತು. ಉಳಿದ ಸೊಪ್ಪನ್ನು ಬ್ಯಾಟರಿ ಬೆಳಕಿಗೆ ಹಿಡಿದು ನೋಡಿದೆ. ಎಲೆಯ ಮೇಲೆ ಮಳೆಹನಿ ಒಣಗಿದ ಕಲೆಯ ಹಾಗೆ ತೆಳು ನೀಲಿ ಚುಕ್ಕೆಗಳು. ಬೆರಳಿಂದ ಉಜ್ಜಿದರೂ ಹೋಗಲಿಲ್ಲ.

ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಉಪ್ಪು), 1 ಕೆ.ಜಿ. ಸುಣ್ಣ. ಮೈಲುತುತ್ತ ಗಿಡವನ್ನು ಸುಡದಿರಲಿ, ಮಳೆಗೂ ತೊಳೆದು ಹೋಗದ ಹಾಗೆ ಅಂಟಿಕೊಳ್ಳಲಿ ಅಂತ ಸುಣ್ಣ ಸೇರಿಸುವುದು. ಅಡಿಕೆ ಗೊನೆಗೆ ಹೊಡೆದದ್ದರಲ್ಲಿ ಎಷ್ಟೋ ಪಾಲು ಕೆಳಗಿನ ಕಳೆಯ ಮೇಲೆ ಬೀಳುತ್ತದೆ. ಮೊಲಕ್ಕೆ ತೊಂದರೆ ಮಾಡಿದ್ದು ತಾಮ್ರವೋ, ಚೀಲದಲ್ಲಿ ಬಿಸಿಯಾಗಿ ಕೊಳೆಯಲು ಶುರುವಾಗಿದ್ದ ಸೊಪ್ಪೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಎರಡೂ ನನ್ನದೇ ತಪ್ಪು. ಅವತ್ತಿನಿಂದ ಜೂನ್‌ನಲ್ಲಿ ಮೊದಲ ಮದ್ದು ಬಿದ್ದರೆ ಮಳೆಗಾಲ ಮುಗಿದು ಹೊಸ ಚಿಗುರು ಬರುವವರೆಗೆ ಅಡಿಕೆ ಮರದ ಕೆಳಗಿನ ಒಂದು ಎಲೆಯೂ ಮೊಲಕ್ಕಿಲ್ಲ. ಕಾಳುಮೆಣಸಿನ ಬುಡದ್ದೂ ಅಷ್ಟೆ, ಅಲ್ಲೂ ತಾಮ್ರದ ಮದ್ದು ಸುರಿಯುತ್ತೇವೆ.

ಹಾಗಾದರೆ ಎಲ್ಲಿಂದ? ಮನೆಯ ಹಿತ್ತಲು, ಮದ್ದು ಹೊಡೆಯದ ಗದ್ದೆಯ ಅಂಚು, ಬೇಣದ ಮೇಲ್ಭಾಗ. ಕಳೆನಾಶಕ ಹೊಡೆದ ಜಾಗ ಮೊದಲ ಎರಡು ದಿನ ಹಸಿರಾಗಿಯೇ ಕಾಣುತ್ತದೆ, ಅದಕ್ಕೆ ಪಕ್ಕದವರ ಜಾಗ ಆದರೆ ಕೇಳಿಯೇ ಕೊಯ್ಯಿರಿ. ಹೆದ್ದಾರಿ ಬದಿ ಬೇಡ. ಬಚ್ಚಲ ನೀರು ಹರಿಯುವಲ್ಲಿ ಗರಿಕೆ ಬೇಸಿಗೆಯಲ್ಲೂ ಕೊಬ್ಬಿರುತ್ತದೆ, ಆದರೆ ಅದು ಸೋಪಿನ ನೀರು ಕುಡಿದ ಗರಿಕೆ. ನಾಯಿ ಓಡಾಡುವ ಕಾಲುದಾರಿಯೂ ಬೇಡ. ಮೊಲದ ಹಿಕ್ಕೆಯನ್ನು ಗೊಬ್ಬರವಾಗಿ ಹಾಕಿದ ಜಾಗದ ಹುಲ್ಲನ್ನು ಮರಿಗಳಿಗೆ ಕೊಡಬೇಡಿ. ಕಾಕ್ಸಿಡಿಯೋಸಿಸ್ ಅನ್ನುವ ಭೇದಿ ರೋಗದ ಮೊಟ್ಟೆಗಳು ತೇವ, ಬಿಸಿ ಇರುವಲ್ಲಿ ಬಲಿತು ಹುಲ್ಲಿನ ಮೂಲಕ ವಾಪಸ್ ಬರುತ್ತವೆ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ಚಿದರೆ ತುರಿಕೆ ಅಷ್ಟೆ. ಆದರೆ ನಿಂತ ನೀರಿನ ಗದ್ದೆಯಲ್ಲಿ ಕಾಲಿನ ಗಾಯದ ಮೂಲಕ ಇಲಿಜ್ವರ ಬರಬಹುದು, ಗಮ್‌ಬೂಟು ಹಾಕಿ. ಡಿಸೆಂಬರ್‌ನಿಂದ ಮೇವರೆಗೆ, ಅದರಲ್ಲೂ ಸಿದ್ದಾಪುರ ಕಡೆಯ ಕಾಡಂಚಿನಲ್ಲಿ, ಉಣುಗಿನ (ಉಣ್ಣೆಯ) ಕಾಟ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ಆ ತಿಂಗಳುಗಳಲ್ಲಿ ಮಂಗ ಸತ್ತ ಕಾಡಿನ ಕಡೆ ಸೊಪ್ಪಿಗೂ ದರಕಿಗೂ (ಉದುರಿದ ಒಣ ಎಲೆಗೂ) ಹೋಗಬೇಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ. ಮೊಲಕ್ಕೆ ಉಣುಗು ಹತ್ತಿದರೆ ನಾಯಿಗೆ ಬಿಡುವ ಫಿಪ್ರೊನಿಲ್ ಹನಿ ಬಿಡಬೇಡಿ. ನಾಯಿಗೆ ಮದ್ದಾದದ್ದು ಮೊಲಕ್ಕೆ ವಿಷ.

ಕೊಯ್ದ ಮೇಲೆ

ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಕೊಯ್ಯಿರಿ. ಗಾಳಿಯಾಡುವ ಬುಟ್ಟಿಗೆ ಸಡಿಲವಾಗಿ ಹಾಕಿ. ಮನೆಗೆ ತಂದಕೂಡಲೇ ನೆಲದ ಮೇಲೆ ತೆಳ್ಳಗೆ ಹರಡಿ. ರಾಶಿ ಹಾಕಿದರೆ ಅರ್ಧ ತಾಸಿನಲ್ಲಿ ನಡುವೆ ಬೆಚ್ಚಗಾಗಲು ಶುರು. ರಾಶಿಯೊಳಗೆ ಕೈ ತೂರಿಸಿ ನೋಡಿ. ಬೆಚ್ಚಗಿದ್ದರೆ ಅದು ಗೊಬ್ಬರಗುಂಡಿಗೆ. ಆರಿಸಿ ಬೇಕಾದ್ದು ಇಟ್ಟುಕೊಳ್ಳೋಣ ಅನ್ನುವ ಆಸೆ ಬೇಡ.

ಹರಡಿದ ಮೇಲೆ ಒಂದೊಂದು ಹಿಡಿ ಎತ್ತಿ ನೋಡಿ. ಇಲ್ಲಿ ಮಕ್ಕಳನ್ನು ಕೂರಿಸಿಕೊಳ್ಳಿ, ಅವರ ಕಣ್ಣು ಚುರುಕು. ಗುರುತು ಸಿಗದ ಒಂದು ಎಲೆ ಇದ್ದರೂ ತೆಗೆದು ಪಕ್ಕಕ್ಕೆ. ಎಲೆಯ ಹಿಂಬದಿಯಲ್ಲಿ ಬಿಳಿ ಬೂಷ್ಟು, ತುಕ್ಕಿನ ಚುಕ್ಕೆ ಕಂಡರೆ ಅದೂ ಹೊರಗೆ. ಆಮೇಲೆ ನೀರಿನಲ್ಲಿ ಎರಡು ಸಲ ಜಾಲಿಸಿ, ನೀರು ಬಸಿಯಲು ಬಿಡಿ.

ಮಳೆಗಾಲದಲ್ಲಿ ವಾರಗಟ್ಟಲೆ ಇಬ್ಬನಿ ಆರುವ ಪ್ರಶ್ನೆಯೇ ಇಲ್ಲ. ಒದ್ದೆ ಸೊಪ್ಪು ಕೊಟ್ಟರೆ ಮೊಲ ಸಾಯುತ್ತದೆ ಅಂತ ಒಂದು ನಂಬಿಕೆ ಇದೆ. ಶುದ್ಧ ನೀರಿನ ಹನಿ ಏನೂ ಮಾಡುವುದಿಲ್ಲ. ಒದ್ದೆಯಾಗಿ ರಾಶಿ ಬಿದ್ದು ಬಿಸಿಯಾದದ್ದು ಕೊಲ್ಲುತ್ತದೆ. ಆದರೂ ನಾನು ಸೊಪ್ಪನ್ನು ಸಣ್ಣ ಸಣ್ಣ ಕಟ್ಟು ಮಾಡಿ ಬಚ್ಚಲ ಒಲೆಯ ಪಕ್ಕದ ಗಳಕ್ಕೆ ತಲೆಕೆಳಗಾಗಿ ನೇತುಹಾಕುತ್ತೇನೆ. ಹಂಡೆ ಕಾಯುವ ಹೊತ್ತಿಗೆ ನೀರು ಇಳಿದು ಸೊಪ್ಪು ಸ್ವಲ್ಪ ಬಾಡಿರುತ್ತದೆ. ಹೊಗೆ ತಾಗದಷ್ಟು ದೂರ ಇರಲಿ, ಹೊಗೆ ವಾಸನೆ ಬಂದರೆ ಮೊಲ ಮೂಸಿ ನೋಡಿ ತಿರುಗಿ ಕೂರುತ್ತದೆ. ಬಡಿಸಲು ಅಡಿಕೆ ಹಾಳೆ ಒಳ್ಳೆಯದು. ಸೊಪ್ಪು ಮುಗಿದ ಮೇಲೆ ಹಾಳೆಯನ್ನೇ ಕಡಿಯುತ್ತ ಕೂರುತ್ತವೆ, ಹಲ್ಲಿಗೆ ಅದೂ ಆಯಿತು.

ರೂಢಿ ಮಾಡಿಸುವುದು

ಒಂದು ಸಲಕ್ಕೆ ಒಂದೇ ಹೊಸ ಗಿಡ. ಮೊದಲ ದಿನ ಎರಡು ಎಲೆ. ಮರುದಿನ ಬೆಳಿಗ್ಗೆ ಹಿಕ್ಕೆ ನೋಡಿ. ಕಡಲೆಕಾಳಿನ ಗಾತ್ರ, ದುಂಡಗೆ, ಒಣಗಿದ್ದು, ಮುರಿದರೆ ಒಳಗೆ ಹುಲ್ಲಿನ ಪುಡಿ ಕಂಡರೆ ಎಲ್ಲ ಸರಿ ಇದೆ. ಎರಡನೇ ದಿನ ಸಣ್ಣ ಹಿಡಿ. ವಾರದಲ್ಲಿ ಪೂರ್ತಿ ಹಿಡಿಗೆ ಬನ್ನಿ, ಆಮೇಲೆ ಮುಂದಿನ ಗಿಡ. ಹಿಕ್ಕೆ ಸಣ್ಣದಾದರೆ, ಕೂದಲಿನಿಂದ ಮಣಿಸರದ ಹಾಗೆ ಪೋಣಿಸಿಕೊಂಡಿದ್ದರೆ, ಮೆತ್ತಗಾದರೆ ಹೊಸದನ್ನು ನಿಲ್ಲಿಸಿ ಬರೀ ಹುಲ್ಲಿಗೆ ವಾಪಸ್ ಹೋಗಿ.

ಪೆಲೆಟ್ಟು, ಹಿಂಡಿ, ಅನ್ನ ತಿಂದೇ ಬೆಳೆದ ಮೊಲ ಸಿಕ್ಕಿದ್ದರೆ ಇನ್ನೂ ನಿಧಾನ. ಮೊದಲು ಎರಡು ವಾರ ಒಣಹುಲ್ಲು ಬೇಕಾದಷ್ಟು ತಿನ್ನಲಿ, ಸೊಪ್ಪು ಆಮೇಲೆ. ಮರಿಗಳು ತಾಯಿ ಜೊತೆ ಇದ್ದಾಗ ಅದು ತಿನ್ನುವುದನ್ನೇ ಮೂಸಿ ತಿಂದು ಕಲಿಯುತ್ತವೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಾಲು ಬಿಟ್ಟ ಹೊಸತರಲ್ಲಿ, ಆರರಿಂದ ಹತ್ತು ವಾರದ ನಡುವೆ, ಕರುಳು ಬಹಳ ನಾಜೂಕು. ಮಾರುವವರು ಆ ವಯಸ್ಸಿನಲ್ಲೇ ಮರಿ ಕೊಡುತ್ತಾರೆ, ತಂದವರು ಅದೇ ದಿನ ಬುಟ್ಟಿ ತುಂಬ ಸೊಪ್ಪು ಹಾಕುತ್ತಾರೆ. ಮೂರನೇ ದಿನಕ್ಕೆ ಮರಿ ಇರುವುದಿಲ್ಲ.

ಎಷ್ಟು, ಯಾವಾಗ

2 ಕೆ.ಜಿ. ತೂಕದ ದೊಡ್ಡ ಮೊಲಕ್ಕೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು 100 ಗ್ರಾಂ ಮೇವು ಬೇಕು. ಹಸಿ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಹಾಗಾಗಿ ಬರೀ ಹಸಿ ಹುಲ್ಲೇ ಹಾಕುವುದಾದರೆ ಅರ್ಧ ಕೆ.ಜಿ. ಲೆಕ್ಕ ಇಷ್ಟೇ. ಹುಲ್ಲಿಗೆ ಮಿತಿ ಇಲ್ಲ, ರಾತ್ರಿ ಹಗಲು ಗೂಡಿನಲ್ಲಿ ಇರಲೇಬೇಕು. ಅಗಲ ಎಲೆಯ ಸೊಪ್ಪು ಎರಡು ದೊಡ್ಡ ಹಿಡಿ, ಒಂದೇ ಜಾತಿಯದಲ್ಲ, ಮೂರ್ನಾಲ್ಕು ಸೇರಿಸಿ. ಪೆಲೆಟ್ಟು ಇದ್ದರೆ 50 ಗ್ರಾಂ ಮೀರದಿರಲಿ. ಬಾಳೆಹಣ್ಣು, ಕ್ಯಾರೆಟ್ಟು ಹೆಬ್ಬೆರಳ ತುದಿಯಷ್ಟು, ಅದೂ ವಾರಕ್ಕೆರಡು ಸಲ. ಮೊಲ ಅಂದರೆ ಕ್ಯಾರೆಟ್ ಅನ್ನುವುದು ಚಿತ್ರದ ಪುಸ್ತಕದ ಮಾತು.

ಮೊಲ ಜಾಸ್ತಿ ತಿನ್ನುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ದೊಡ್ಡ ಪಾಲು ಸಂಜೆಗೇ ಹಾಕಿ. ಕರಾವಳಿಯ ಏಪ್ರಿಲ್–ಮೇ ಸೆಕೆಯಲ್ಲಂತೂ ಹಗಲಿಗೆ ಅವು ಬಾಯಿಯೇ ಹಾಕುವುದಿಲ್ಲ. ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಬಿಸಿ ಹೊರಗೆ ಬಿಡುತ್ತದೆ. 30 ಡಿಗ್ರಿ ದಾಟಿದರೆ ಕಷ್ಟ. ಆ ದಿನಗಳಲ್ಲಿ ನೀರು ಚಿಮುಕಿಸಿದ ಬಾಳೆ ಎಲೆ, ದಾಸವಾಳ ಕೊಡುತ್ತೇನೆ. ಸೊಪ್ಪು ತಿನ್ನುತ್ತದೆ ಅಂತ ನೀರಿನ ಬಟ್ಟಲು ತೆಗೆಯಬೇಡಿ.

ತಿನ್ನುವುದು ನಿಲ್ಲಿಸಿದರೆ

ಎಂಟು ಹತ್ತು ತಾಸು ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಬೆಳಗಾಗಲಿ ಅಂತ ಕಾಯಬೇಡಿ. ಹೊಟ್ಟೆ ತಮಟೆಯ ಹಾಗೆ ಬಿಗಿದಿದೆಯೋ ಮುಟ್ಟಿ ನೋಡಿ. ಕಿವಿ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಪಶುವೈದ್ಯರಿಗೆ ಫೋನ್ ಮಾಡಿ. ಕೊಟ್ಟ ಸೊಪ್ಪಿನ ಒಂದು ಹಿಡಿ ತೆಗೆದಿಟ್ಟುಕೊಂಡು ಹೋಗಿ. ಓಮದ ನೀರು, ಎಣ್ಣೆ, ಸೋಡಾ ಅಂತ ಬಾಯಿಗೆ ಹಾಕಬೇಡಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಅಂತೂ ಬೇಡವೇ ಬೇಡ, ಬಾಯಿಂದ ಕೊಟ್ಟರೆ ಒಳ್ಳೆಯ ಜೀವಿಗಳೆಲ್ಲ ಸತ್ತು ಮೊಲವೂ ಸಾಯುತ್ತದೆ. ನಮ್ಮದಕ್ಕೆ ಚರ್ಮದಡಿ ಸಲೈನ್ ಕೊಟ್ಟರು, ನೋವಿಗೆ ಒಂದು ಇಂಜೆಕ್ಷನ್. ಮರುದಿನ ಮಧ್ಯಾಹ್ನ ಒಂದು ಗರಿಕೆ ಎಳೆ ಎಳೆದುಕೊಂಡು ತಿಂದಿತು. ಮನೆಯವರೆಲ್ಲ ಗೂಡಿನ ಮುಂದೆ ಕೂತು ಹಿಕ್ಕೆ ಬೀಳುವುದನ್ನು ಕಾಯುತ್ತಿದ್ದೆವು.

ಮಳೆಗಾಲಕ್ಕೆ ಕರಡ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿರಿಗೆ ಬರ ಇಲ್ಲ, ಒಣ ನಾರಿಗೆ ಬರ. ನೀರು ತುಂಬಿದ ಎಳೆ ಹುಲ್ಲು ಮಾತ್ರ ತಿಂದರೆ ಹಿಕ್ಕೆ ಕೆಡುತ್ತದೆ. ಭತ್ತದ ಹುಲ್ಲು ಇದೆಯಲ್ಲ ಅನ್ನಬಹುದು. ಅದು ಹಾಸಲು ಸರಿ, ಹೊಟ್ಟೆಗೆ ಸತ್ವ ಸಾಲದು.

ದೀಪಾವಳಿ ಕಳೆದ ಮೇಲೆ ಬೇಣದಲ್ಲಿ ದನದ ಕೊಟ್ಟಿಗೆಗೆ ಅಂತ ಕರಡ, ಅಂದರೆ ಬೇಣದ ಬಲಿತ ಹುಲ್ಲು, ಕೊಯ್ಯುತ್ತೇವೆ. ಆ ಹೊತ್ತಿಗೆ ಅದು ಬಲಿತು ಕಡ್ಡಿಯಾಗಿರುತ್ತದೆ. ಮೊಲಕ್ಕೆ ಬೇಕಾದ ಪಾಲನ್ನು ಮೂರು ವಾರ ಮೊದಲೇ, ತೆನೆ ಹೊರಬರುತ್ತಿರುವಾಗ, ಮಳೆ ನಿಂತ ಕೂಡಲೇ ಕೊಯ್ದುಕೊಳ್ಳಿ. ಎರಡು ಮೂರು ಬಿಸಿಲು ತೋರಿಸಿ, ದಿನಕ್ಕೆರಡು ಸಲ ಮಗುಚಿ, ರಾತ್ರಿ ಇಬ್ಬನಿಗೆ ಸಿಗದಂತೆ ಒಳಗೆ ತನ್ನಿ. ಒಂದು ಹಿಡಿ ತಿರುಚಿದಾಗ ಗರಗರ ಅಂದು ಮುರಿಯಬೇಕು, ಬಣ್ಣ ಇನ್ನೂ ಹಸಿರು ಛಾಯೆ ಉಳಿಸಿಕೊಂಡಿರಬೇಕು, ಮೂಗಿಗೆ ಹಿಡಿದರೆ ಚಹಾಪುಡಿಯ ಹಾಗೆ ಘಮ ಬರಬೇಕು. ಮುಗ್ಗಲು ವಾಸನೆ ಇದ್ದರೆ ದನದ ಹಾಸಿಗೆಗೆ.

ಮೊಲ ಒಂದಕ್ಕೆ ದಿನಕ್ಕೆ 100 ಗ್ರಾಂ ಅಂದರೆ ನಾಲ್ಕು ತಿಂಗಳಿಗೆ 12 ಕೆ.ಜಿ. ತುಳಿದು ಚೆಲ್ಲುವುದು ಸೇರಿಸಿ 15 ಅಂತ ಹಿಡಿಯಿರಿ. ಎರಡಕ್ಕೆ 30 ಕೆ.ಜಿ. ಪ್ಲಾಸ್ಟಿಕ್ ಚೀಲ ಬೇಡ, ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ ಅಟ್ಟದ ಜಂತಿಗೆ ನೇತುಹಾಕಿ. ನೆಲದ ಮೇಲಿಟ್ಟರೆ ತೇವ ಹತ್ತುತ್ತದೆ, ಇಲಿ ಹೊಕ್ಕು ಉಚ್ಚೆ ಹೊಯ್ಯುತ್ತದೆ. ನಮ್ಮ ಅಟ್ಟದಲ್ಲಿ ಈಗ ಆರು ಚೀಲ ತೂಗುತ್ತಿವೆ. ಅಡಿಕೆ ಇಡಲು ಜಾಗ ಸಾಲುತ್ತಿಲ್ಲ ಅಂತ ಆಯಿ ಪ್ರತಿ ವರ್ಷವೂ ಗೊಣಗುತ್ತಾಳೆ. ಹಾಗಂತ ಸಂಜೆ ಹುಲ್ಲು ಹರಡಿದ ಕೂಡಲೇ ಕನ್ನಡಕ ಹಾಕಿಕೊಂಡು ಆರಿಸಲು ಮೊದಲು ಕೂರುವುದೂ ಅವಳೇ.